ಐದನೆಯ ಹೆಸರು

ಇಲ್ಲಿ ಮೊದಲು ಬೆವರುವುದು ಕಲ್ಲು, ಆಮೇಲೆ ನಾವು.
ಕಡಿದ ಮೆಟ್ಟಿಲೇರಿ, ಮೊಳದಗಲದ ಕಟ್ಟೆಯ ಮೇಲೆ
ಬಂಡೆಯ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತೇನೆ.
ಕೆಳಗೆ ಒರತೆ. ಸಾರ್ಥದ ಕುದುರೆಗಳು ನೀರು ಹೀರುವ ಸದ್ದು
ಇಷ್ಟೆತ್ತರ ಬರುವಷ್ಟರಲ್ಲಿ
ಯಾರೋ ಪಿಸುಗುಟ್ಟಿದಂತಾಗಿರುತ್ತದೆ.

ನಾನು ಉಂಪರ್ತ, ಸೂಸಾದ ಕಡೆಯವನು.
ಓದಲು ಬಾರದು. ಬೇಕಾಗಿಲ್ಲವಂತೆ.
ಇತ್ತಿನಬು ಸುಣ್ಣದಲ್ಲಿ ಗೀಚಿ, ಗಟ್ಟಿಯಾಗಿ ಓದಿ ಹೇಳಿದ್ದನ್ನು
ಮೊಳೆ ಮೊಳೆಯಾಗಿ ಕಡಿದರೆ ಸಾಕು.
ಉಳಿ ಒಂದೇ, ಮಾತು ಮೂರು.
ಅಪ್ಪ ಅನ್ನುವುದಕ್ಕೆ ಪಾರಸಿಯವರಲ್ಲಿ ಪಿತಾ,
ಬಾಬಿಲೋನಿನವರಲ್ಲಿ ಅಬು,
ನಮ್ಮಲ್ಲಿ ಅತ್ತ.
ಮೂರನ್ನೂ ಎಷ್ಟು ಸಲ ಕಡಿದಿದ್ದೇನೆಂದರೆ
ಕತ್ತಲಲ್ಲಿ ಬೆರಳಿಟ್ಟು ಗುರುತು ಹಿಡಿದೇನು.

‘ದೊರೆ ಹೇಳುತ್ತಾನೆ: ನನ್ನ ಅಪ್ಪ ಇಂಥವನು,
ಅವನ ಅಪ್ಪ ಇಂಥವನು, ಅವನ ಅಪ್ಪ...’
ವಂಶವೆಂದರೆ ಮರವಂತೆ.
ನಾನು ಕಂಡ ಮರದಲ್ಲಿ ಮುರಿದ ಕೊಂಬೆಯಿದೆ,
ಹಕ್ಕಿಯ ಹಿಕ್ಕೆಯಿದೆ,
ಬಿದ್ದ ಅಂಜೂರದ ಸುತ್ತ ಕಣಜವಿದೆ.
ಇದು ಬರೀ ಏಣಿ. ಒಬ್ಬನ ಹೆಗಲೇರಿ ಒಬ್ಬ,
ಯಾರನ್ನೂ ಯಾರೂ ಹೆತ್ತಂತಿಲ್ಲ.

ನಾಲ್ಕನೆಯವನಾದ ಮೇಲೆ ಇತ್ತಿನಬು ಕೈ ತಡೆದ.
ಆರನೆಯವನು ಮೂಲಪುರುಷ,
ಅವನ ಹೆಸರು ಅರಮನೆಯಿಂದಲೇ ಬಂದಿದೆ.
ನಡುವೆ ಒಬ್ಬ ಬೇಕು. ಯಾರಿಗೂ ನೆನಪಿಲ್ಲ.
ಕೇಳಿಬಿಡೋಣವೆಂದರೆ,
ನದಿಯ ಮೂಲ ಕೇಳಬಹುದು, ದೊರೆಯ ಮೂಲ
ಕೇಳಿದವರ ನಾಲಿಗೆಗೆ ಏನಾಯಿತೆಂದು
ಇದೇ ಬಂಡೆಯ ಬಲತುದಿಯಲ್ಲಿ
ಹೋದ ಚಳಿಗಾಲದಲ್ಲಿ ಕಡಿದವನು ನಾನೇ.

ರಾತ್ರಿ ಬೆಂಕಿಯ ಬದಿಯಲ್ಲಿ ಕೇಳಿದ:
‘ನಿನ್ನಜ್ಜನ ಹೆಸರೇನಯ್ಯಾ?’
ಶಿಲ್ಹ, ಅಂದೆ. ಆಡು ಕಾಯುತ್ತಿದ್ದ.
ಎಡಗಿವಿ ಇರಲಿಲ್ಲ. ತೋಳ ಕಿತ್ತಿತು ಅನ್ನುತ್ತಿದ್ದ,
ಅಜ್ಜಿ ಬೇರೆ ಕತೆ ಹೇಳುತ್ತಿದ್ದಳು.
ಇತ್ತಿನಬು ಆ ಹೆಸರನ್ನು
ಖರ್ಜೂರದ ಬೀಜದಂತೆ ಬಾಯಲ್ಲಿ ಹೊರಳಿಸಿದ,
ಬಾಲಕ್ಕೊಂದು ‘ಆಯಿಶ್’ ಅಂಟಿಸಿದ.
ಶಿಲ್ಹಾಯಿಶ್.
ಆಸ್ಥಾನದ ಕಿವಿಗೆ ಹಳೆಯದಾಗಿ ಕೇಳಿಸಬೇಕು, ಅಷ್ಟೆ.
ಇಬ್ಬರೂ ನಗಲಿಲ್ಲ. ಬೆಂಕಿಗೆ ಇನ್ನೊಂದು ಕೊರಡು ಹಾಕಿದೆವು.

ಅದೇ ವಾರ ಬಾರ್ಲಿ ಹೊತ್ತ ಕತ್ತೆಗಳ ಜೊತೆ
ಅಳಿಯ ಸುದ್ದಿ ತಂದ. ನಪಿರ್ತಿ ಹೆತ್ತಳು. ಹೆಣ್ಣು.
ಉಗ್ರಾಣದವನು ಮಣ್ಣಿನ ಹಲಗೆಯಲ್ಲಿ ಬರೆದುಕೊಂಡನಂತೆ:
‘ಹೆತ್ತವಳು, ಒಬ್ಬಳು. ದ್ರಾಕ್ಷಾರಸ, ಅರ್ಧ ಕೊಡ.’
ಗಂಡಾಗಿದ್ದರೆ ತುಂಬಿದ ಕೊಡ.
ಹೆಸರು ಕೇಳಲಿಲ್ಲ, ಮಗುವಿನದೂ, ನನ್ನ ಮಗಳದೂ.
ಹಸಿಮಣ್ಣಿನ ಅಂಚಿನಲ್ಲಿ
ಅವನ ಹೆಬ್ಬೆರಳ ಗೆರೆಗಳು ಮಾತ್ರ ಚೆನ್ನಾಗಿ ಮೂಡಿದ್ದವಂತೆ.

ನಮ್ಮ ಮಾತಿನಲ್ಲಿ ತಾಯಿಗೆ ಅಮ್ಮ ಅನ್ನುತ್ತೇವೆ.
ಅದರ ಮೊಳೆಗಳು ಹೇಗಿರುತ್ತವೋ ತಿಳಿಯದು.
ಎರಡು ವರ್ಷದಲ್ಲಿ ಒಮ್ಮೆಯೂ
ಸುಣ್ಣದಲ್ಲಿ ಗೀಚಿ ಕೊಟ್ಟಿಲ್ಲ.

ಅಜ್ಜನ ಹೆಸರಿನ ನಟ್ಟನಡುವೆ ಬಂಡೆಗೆ ಬಿರುಕಿತ್ತು.
ಸೀಸ ಕಾಯಿಸಿ ಹೊಯ್ದೆವು, ಉಜ್ಜಿ ಮಟ್ಟ ಮಾಡಿದೆವು.
ಬಿಸಿಲು ಬಿದ್ದಾಗ ಆ ಒಂದು ಜಾಗ
ಆಡಿನ ಕಣ್ಣಿನಂತೆ ಮಿನುಗುತ್ತದೆ.

ಮುಗಿದ ದಿನ ಆಜ್ಞೆ ಬಂತು:
ನಿಂತ ಕಟ್ಟೆ ಕಡಿಯಿರಿ, ಏರಿದ ಮೆಟ್ಟಿಲನ್ನೂ.
ಯಾರೂ ಹತ್ತಿರ ಬಂದು ಮುಟ್ಟಬಾರದು.
ಮೇಲಿನಿಂದ ಕೆಳಕ್ಕೆ, ಹಿಂದೆ ಹಿಂದೆ ಸರಿಯುತ್ತ
ನಮ್ಮ ಕಾಲ ಕೆಳಗಿನದನ್ನು ನಾವೇ ಉದುರಿಸಿದೆವು.
ಕೊನೆಗೆ ಹಗ್ಗ.

ಕೆಳಗಿನಿಂದ ಅಕ್ಷರ ಕಾಣುವುದಿಲ್ಲ.
ಬೆಟ್ಟಕ್ಕೆ ತುರಿ ಹತ್ತಿದಂತೆ ಕಾಣುತ್ತದೆ.
ಒರತೆಯಲ್ಲಿ ಕುದುರೆಗೆ ನೀರು ಕುಡಿಸುತ್ತಿದ್ದವನೊಬ್ಬ
ಕತ್ತೆತ್ತಿ ಕೇಳಿದ, ‘ಏನು ಬರೆದಿದೆ ಮೇಲೆ?’
ಬಾಯಿ ತುಂಬ ಕಲ್ಲಪುಡಿ. ಉಗುಳಿ,
ಎರಡು ಬೊಗಸೆ ನೀರಿನಲ್ಲಿ ಮುಕ್ಕಳಿಸಿ
‘ಅಪ್ಪಂದಿರು’ ಅಂದೆ.