ಅಳಿವೆಯ ಬಳಿ ಮೋಜಣಿ

ಹೊಯಿಗೆಯಲ್ಲಿ ಗೂಟ ನಿಲ್ಲುವುದಿಲ್ಲ.
ಇದನ್ನು ಕಲಿಯಲು ಒಂದು ಇಡೀ ಸಂಜೆ ಬೇಕಾಯಿತು,
ಎರಡು ಸಲ ಗಾಳಿಗೆ ಹಾರಿ
ಒಣಹಾಕಿದ ಬಲೆಗಳ ಮೇಲೆ ಮಗುಚಿದ ಹಳದಿ ಟೆಂಟು ಬೇಕಾಯಿತು,
ಮತ್ತೆ ವಾರಿಜಕ್ಕನ ನಗು.

'ಏರ್ ಅವು?' ಎಂದಳು ಮೊದಲು ತುಳುವಿನಲ್ಲಿ,
ಆಮೇಲೆ ಮಲಯಾಳದಲ್ಲಿ ಏನೋ,
ಕೊನೆಗೆ ನನ್ನ ಬೈಕಿನ ನಂಬರು ನೋಡಿ
ನಾಲ್ಕನೇ ಕ್ಲಾಸಿನ ಗಟ್ಟಿ ಕನ್ನಡದಲ್ಲಿ:
'ಗೂಟ ಬೇಡ ಮಾರಾಯ. ಗೋಣಿಗೆ ಹೊಯಿಗೆ ತುಂಬಿಸು,
ಹಗ್ಗ ಕಟ್ಟು, ಮೊಣಕಾಲುದ್ದ ಹೂಳು.
ಭಾರ ಹೂತರೆ ಮಾತ್ರ ಇಲ್ಲಿ ಏನಾದರೂ ನಿಲ್ಲುವುದು.'

ನಾಲ್ಕು ಗೋಣಿ ಅವಳೇ ಕೊಟ್ಟಳು, ಬೂತಾಯಿ ವಾಸನೆಯವು.
ರಾತ್ರಿಯಿಡೀ ಮೀನಿನ ಹೊಟ್ಟೆಯೊಳಗೆ ಮಲಗಿದ ಹಾಗೆ.

ನಾನು ಕೊಪ್ಪಳದ ಕಡೆಯ ಮೋಜಣಿದಾರ.
ಇಪ್ಪತ್ತೆರಡು ವರ್ಷ ಎರೆಹೊಲಗಳಲ್ಲಿ ಸರಪಳಿ ಎಳೆದವನು,
ಅಣ್ಣತಮ್ಮಂದಿರ ಬೈಗುಳ ಕೇಳುತ್ತ ಬಾಂದಗಲ್ಲು ನೆಟ್ಟವನು.
ಮೋಜಣಿ ಬಿಟ್ಟು ಹತ್ತು ದಿನ ಮೋಜಿಗೆಂದು
ಶಿರಿಯದ ಅಳಿವೆಗೆ ಬಂದಿದ್ದೆ.

ಊರೆಂದರೆ ಒಂದು ಬೀದಿ: ಐಸ್ ಪ್ಲಾಂಟು, ಚಾದ ಅಂಗಡಿ, ಮಸೀದಿ,
ಗೋಡೆಗೆ ಒರಗಿದ ಐದು ಹಲಗೆ.
'ಸರ್ಫಿಂಗ್ ಕಲಿಸಲಾಗುವುದು' ಎಂಬ ಬರಹ ಮೂರು ಲಿಪಿಯಲ್ಲಿ,
ಕನ್ನಡದ್ದರಲ್ಲಿ ಎರಡು ತಪ್ಪು
(ಉಳಿದೆರಡು ಲಿಪಿಯ ತಪ್ಪು ಅವರವರಿಗೆ ಗೊತ್ತು).

ಕಲಿಸುವವನು ಸಿನಾನ್, ಮೀಸೆ ಈಗಷ್ಟೇ.
ಅಪ್ಪ ಫೈಬರ್ ದೋಣಿ ರಿಪೇರಿ ಮಾಡುವವರು.
ಯಾರೋ ಬಿಟ್ಟುಹೋದ ಮುರಿದ ಹಲಗೆಗೆ
ಅದೇ ಅಂಟು, ಅದೇ ನೀಲಿ ಬಣ್ಣ.
'ಇದು ಅರ್ಧ ದೋಣಿ, ಅಣ್ಣ. ಹೆದರಬೇಡಿ.
ಕಾಲು ನೋಡಬೇಡಿ. ಕಾಲು ಎಲ್ಲಿಗೂ ಹೋಗುವುದಿಲ್ಲ.'

ಹನ್ನೊಂದು ಸಲ ಬಿದ್ದೆ.
ಮೂಗಿನಲ್ಲಿ, ಕಿವಿಯಲ್ಲಿ, ನಲವತ್ತೇಳರ ವಯಸ್ಸಿನಲ್ಲಿ ಉಪ್ಪು.
ಹನ್ನೆರಡನೆಯದಕ್ಕೆ ನಿಂತೆ,
ಒಂದು, ಎರಡು, ಮೂರು ಎಣಿಸುವಷ್ಟು ನಿಂತೆ.
ಬಿದ್ದಾಗ ಕಾಲಿಗೆ ತಾಗಿದ್ದು ಬಂಡೆಯಲ್ಲ.
ಮೂಲೆ ಇತ್ತು ಅದಕ್ಕೆ. ಕೆತ್ತಿದ ಕಲ್ಲು.

ರಕ್ತ ಒರೆಸುತ್ತ ಕೇಳಿದೆ:
ಅಲೆ ಇಲ್ಲೇ ಯಾಕೆ ಏಳುತ್ತದೆ? ಆಚೆ ಯಾಕಿಲ್ಲ?
ಸಿನಾನ್ ಬಸ್ಸಿನ ಸಮಯ ಹೇಳುವವನ ಹಾಗೆ ಹೇಳಿದ:
'ಕೆಳಗೆ ವಾರಿಜಕ್ಕನ ಮನೆ ಉಂಟಲ್ಲ,
ಬಾವಿಕಟ್ಟೆ, ಪಂಚಾಂಗ, ಮೆಟ್ಟಿಲು.
ನೀರು ಎಡವುತ್ತದೆ, ಹಾಗೆ ಏಳುತ್ತದೆ.'

ಗಾಯಕ್ಕೆ ಅರಸಿನ ಮೆತ್ತಿ
ಅವಳು ಪ್ಲಾಸ್ಟಿಕ್ ಚೀಲ ಬಿಚ್ಚಿದಳು:
ಒಂಬತ್ತು ವರ್ಷದ ತೀರ್ವೆ ರಶೀದಿ. ಹನ್ನೊಂದೂವರೆ ಸೆಂಟ್ಸು.
ಸರ್ವೆ ನಂಬರು ಉಂಟು. ಜಾಗ ನೀರಿನಲ್ಲಿ.
'ನೀನು ಅಳೆಯುವವನಂತೆ. ಅಳೆ.'

ಏನು ಹೇಳಲಿ? ಟೇಪು ತಂದಿದ್ದೆ.
ರಜೆಯಲ್ಲೂ ಟೇಪು ತರುವ ಜಾತಿ ನಮ್ಮದು.
ಒಂದು ತುದಿ ತೆಂಗಿನ ಬೊಡ್ಡೆಗೆ,
ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ
ಹಲಗೆಯ ಮೇಲೆ ಬೋರಲು ಈಜಿದ ಸಿನಾನ್.
ದಡದಲ್ಲಿ ನಿಂತು ಅವಳು ಕೂಗುತ್ತಾಳೆ:
'ಇನ್ನೂ ಎಡಕ್ಕೆ! ಅದು ಬಚ್ಚಲು!
ಜಗಲಿ ಅಲ್ಲಲ್ಲ, ಆಚೆ!'
ಮೂವತ್ತು ಮೀಟರ್ ಮುಗಿಯಿತು. ಜಗಲಿ ಬರಲಿಲ್ಲ.
ಅವನು ಟೇಪು ಬಿಟ್ಟ,
ಮುಂದೆ ಹೋದ,
ಕಾದ.

ಅಲೆ ಎದ್ದಿತು.
ಅವನೂ ಎದ್ದ.
ಒಲೆಯ ಮೇಲಿಂದ, ಹೊಸಿಲ ಮೇಲಿಂದ,
ಬಾಗಿಲು ತೆಗೆಯದೆ ಹೊರಗೆ ಬಂದ.

ವಾರಿಜಕ್ಕ ಸೆರಗಿನಿಂದ ಕಣ್ಣಿನ ಉಪ್ಪುಗಾಳಿ ಒರೆಸಿ
'ಚಪ್ಪಲಿ ಹಾಕಿರಲಿಲ್ಲವಲ್ಲ, ಸಾಕು' ಎಂದಳು.

ಎಂಟನೆಯ ಬೆಳಗ್ಗೆ ಟೆಂಟು ಬಿಚ್ಚಿದೆ.
ಮೂರು ಗೋಣಿ ಸಿಕ್ಕಿತು, ನಾಲ್ಕನೆಯದು ಸಿಗಲಿಲ್ಲ.
ಎಷ್ಟು ಅಗೆದರೂ ಹೊಯಿಗೆ ಜಾರಿ ಕುಣಿ ತುಂಬಿತು.
ಎಲ್ಲಿ ಹೂತೆನೆಂದು ನಾನು, ಮೋಜಣಿದಾರ, ಬರೆದಿಟ್ಟಿರಲಿಲ್ಲ.

'ಇರಲಿ ಬಿಡು' ಎಂದಳು.
ಬೈಕು ಶುರುಮಾಡುವಾಗ ಬೆನ್ನ ಹಿಂದಿನಿಂದ:
'ಗೋಣಿಗೆ ಹತ್ತು ರೂಪಾಯಿ ಕೊಟ್ಟು ಹೋಗು.'