ಹರೀಬೇಕಾದ ಹೊಲಿಗಿ

ಹುಮನಾಬಾದ ರಿಂಗ್ ರೋಡಿಗಿ ನಮ್ಮ ಅಂಗಡಿ.
ತಗಡಿನ ಛತ್ತು, ಒಂದು ಕೂಲರು, ಎರಡು ಮಿಷಿನು.
ಕಾರಿನ ಸೀಟಿಗಿ ಅಂಗಿ ಹೊಲಿಯೂದು ನನ್ನ ಕೆಲಸ.

ಅಬ್ಬಾ ಕಲಿಸಿದ್ದು ಒಂದೇ ಪಾಠ:
ಜಗ್ಗಿದ್ರ ಬಟ್ಟಿ ಹರೀಬೇಕು, ಹೊಲಿಗಿ ಹರೀಬಾರದು.
ಮೂರೆಳಿ ದಾರ, ಮೇಣ ತಿಕ್ಕಿ, ಎರಡೆರಡು ಸಲ.
ಅಂವ ಹೊಲದ ಗಾಡಿ ಗುಜರಿ ಸೇರಿದ್ವು,
ಗುಜರಿಯಾಗೂ ಹೊಲಿಗಿ ಹಂಗೇ ಕುಂತಾವ.

ಅದಕ್ಕೇ, ಸೀಟಿನ ಪಕ್ಕಡ್ಯಾಗ
ಏರ್‌ಬ್ಯಾಗ್ ಅಂತ ಬೆರಳಗಲದ ಚೀಟಿ ಮದಲ ಸಲ ಕಂಡಾಗ
ಅದರ ಮ್ಯಾಲೂ ಗಟ್ಟಿಯಾಗೇ ಹೊಲದೆ.
ಒಳಗ ಗಾಳಿಚೀಲ ಮಡಚಿಕೊಂಡು ಮಲಗ್ಯಾದ,
ಕಣ್ಣು ಮಿಟಕಿಸೂದರಾಗ ಹರಕೊಂಡು ಹೊರಗ ಬರಬೇಕು,
ನೀ ಅದರ ಬಾಯಿ ಹೊಲದೀದಿ ಅಂತ
ಮೆಕ್ಯಾನಿಕ್ ತುಳಜಾರಾಮ ಬಂದು ಬೈದ ಮ್ಯಾಲೇ ತಿಳೀತು.

ಆ ರಾತ್ರಿ ಎಂಟು ಗಾಡಿ ನೆನಪು ಮಾಡಿಕೊಂಡೆ.
ಐದು ಮಂದಿಗಿ ಫೋನ್ ಹತ್ತಿತು.

ಈಗ ಆ ಒಂದು ಗೇಣು ಜಾಗಕ್ಕ
ತುಳಜಾರಾಮ ತಂದುಕೊಟ್ಟ ಬ್ಯಾರೇ ದಾರ. ಒಂದೇ ಎಳಿ.
ಹರೀಲಿ ಅಂತ ಹೊಲಿಯೂದು ಕಲೀಲಿಕ್ಕ
ನನ್ನ ಕೈಗಿ ಆರು ತಿಂಗಳು ಹಿಡೀತು.

ಗಲ್ಲಾದ ಕೆಳಗ ಹನ್ನೊಂದು ಸುಳ್ಳು ಕ್ಲಿಪ್ ಅದಾವ.
ಬೆಲ್ಟಿನ ಬಾಯಾಗ ತುರುಕಿದ್ರ
ಗಾಡಿ ಟಿಂಗ್ ಟಿಂಗ್ ಅನ್ನೂದು ಬಿಡತದ.
ಮದಲ ನಾನೇ ಮಾರತಿದ್ದೆ, ಜೋಡಿಗಿ ನೂರಾ ಇಪ್ಪತ್ತು.
ಈಗೂ ಕೇಳತಾರ. ಮುಗದಾವ್ರಿ ಅಂತೀನಿ.
ಮತ್ತ ಯಾವಾಗ ಬರತಾವ?
ಬರಂಗಿಲ್ಲ ಕಾಣಸತದ.
ಮೇ ತಿಂಗಳದಾಗ ಬಕ್ಕಲು ಕಾದ ಹಂಚು, ಖರೇ.
ಒದ್ದಿ ಅರಿವಿ ಹೊಚ್ಚಿ ಹೋಗ್ರಿ ಅಂದ್ರ ನಗತಾರ.

ಮೊನ್ನಿ ಸೇಡಂ ಕಡಿ ಮಂದಿ, ದವಾಖಾನಿಂದ ಸೀದಾ.
ಸೋದರಮಾವ ಕೊಡಿಸಿದ ಕೂಸಿನ ಕುರ್ಚಿ, ಇನ್ನಾ ಡಬ್ಬಿ ಒಡದಿಲ್ಲ.
ಅಜ್ಜಿ ಮುಂದಿನ ಸೀಟಿನ್ಯಾಗ, ಕೂಸು ತೊಡಿ ಮ್ಯಾಲ,
ಎದುರಿಗೇ ಗಾಳಿಚೀಲದ ಮುಚ್ಚಳ.
"ಎಂಟು ದಿನದ ಕೂಸಿಗಿ ಕಟ್ಟಿ ಹಾಕತಿಯೇನು?
ನನ್ನ ತೊಡಿ ಏನು ಸವದದೇನು?"

ಅಜ್ಜಿ, ಝೋಳಗಿ ಕಟ್ಟಿದ ಮ್ಯಾಲ
ಕೂಸಿನ್ನ ಹಾಕೂಕಿಂತ ಮದಲ ಏನು ಮಾಡತಿದ್ದಿ?
"ಗಂಟು ಜಗ್ಗಿ ನೋಡತಿದ್ದೆ."
ಯಾಕ?

ಆಕಿ ಉತ್ತರ ಕೊಡಲಿಲ್ಲ. ಇಳದು ಹಿಂದ ಬಂದಳು.
ನಾ ಕೂಡಿಸಿದ ಕುರ್ಚಿ ಎರಡೂ ಕೈಲಿ ಹಿಡದು ಅಳ್ಳಾಡಿಸಿದಳು.
ಪಟ್ಟಿಯೊಳಗ ಬೆರಳು ತೂರಿಸಿದಳು.
"ಇಲ್ಲಿ ಸಡಲ ಅದ. ಬಿಗಿ ಮಾಡು."
ಮಾಡಿದೆ.
"ಇನ್ನಾ."
ಮಾರಿ ಹಿಂದಕ್ಕ ಯಾಕ ಮಾಡಿದಿ ಅಂದಳು.
ಕುತ್ತಿಗಿ ಇನ್ನಾ ಬೆಣ್ಣಿ ಅದಲ್ಲ, ಅಜ್ಜಿ.
ಕೂಸಿನ ಬಾಜೂಕ ಕುಂತು, ಮಗ್ಗಲದ ಬೆಲ್ಟು ತಾನೇ ಹುಡುಕಿ
"ನನಗೂ ಒಂದು ಹಾಕು" ಅಂದಳು,
ಬಳಿ ತೊಡಸು ಅಂದಂಗ, ಕೈ ಎತ್ತಿ.

ಕಳದ ಗುರುವಾರ ರೇವಣಪ್ಪ ಮಾಸ್ತರು ಆಟೋದಾಗ ಬಂದ್ರು.
ಜೇವರ್ಗಿ ಹಾದ್ಯಾಗ, ಹೊಲದ ದಾರಿಂದ
ದೀಪ ಇಲ್ಲದ ತೊಗರಿ ಟ್ರ್ಯಾಕ್ಟರು ಬಾಗಿಲಿಗೇ ಹಾದದಂತ.
ಅಂಗಿ ಗುಂಡಿ ಬಿಚ್ಚಿ ತೋರಿಸಿದ್ರು:
ಹೆಗಲಿಂದ ಪಕ್ಕಡಿ ತನಕ ಬೆಲ್ಟು ಬರದ ಗೆರಿ,
ಬದನಿಕಾಯಿ ಬಣ್ಣ.
"ಗಾಡಿ ಹೋತು. ನಿನ್ನ ಹೊಲಿಗೀನೂ ಹರದದ ನೋಡವ್ವ" ಅಂತ
ಚೀಲದಿಂದ ಸೀಟಿನ ಅಂಗಿ ತಗದ್ರು.

ಒಂದು ಗೇಣು. ಸರೀ ಒಂದು ಗೇಣು ಬಾಯಿ ಬಿಟ್ಟಿತ್ತು.
ಆ ಕಡಿ ಈ ಕಡಿ ಒಂದು ಟಾಕಿನೂ ಕದಲಿಲ್ಲ.

ಸ್ಟೂಲಿನ ಮ್ಯಾಲ ಕುಂತ ಅಬ್ಬಾಗ ಈಗ ಕಣ್ಣು ಮಂಜು.
ಕೈ ಚಾಚಿ ಇಸಕೊಂಡ,
ಹರದ ಅಂಚಿಗುಂಟ ಹೆಬ್ಬೆರಳು ಆಡಿಸಿದ.
"ಯಾರು ಹೊಲದದ್ದು ಇದು?"
ನಾನೇ.
"ಕಚ್ಚಾ ಅದ."
ಹೂಂ ಅಬ್ಬಾ, ಅಂದೆ.
ಮಾಸ್ತರಿಗಿ ಚಾ ಹೇಳಿ ಕಳಿಸಿದೆ.
ಆ ಉಳದ ಮೂರು ಗಾಡಿ ಯಾವ ಹಾದ್ಯಾಗ ಅದಾವೋ.