ಉತ್ತರಕ್ಕೆ ಬಿಟ್ಟ ಜಾಗ

ಮಸೇರುವಿನಿಂದ ಬಂದ ನಮೂನೆಯಲ್ಲಿ ಆರು ಕಲಮು.
ಮೊದಲನೆಯದು ಉದ್ದೇಶ, ಕೊನೆಯದು ಅಂಕ.
ನಡುವೆ ಎಲ್ಲೋ, ಬೆರಳಗಲದ ಸಂದಿಯಲ್ಲಿ
‘ಸಮಸ್ಯೆ’ ಎಂದು ಅಚ್ಚಾಗಿದೆ.
ಹತ್ತನೆಯ ತರಗತಿಯ ಮಕ್ಕಳಿಗೆ
ಸಮಸ್ಯೆ ಬಿಡಿಸುವುದನ್ನು ಕಲಿಸುವ ಪಾಠಕ್ರಮ,
ಸೋಮವಾರದೊಳಗೆ, ಎರಡು ಪ್ರತಿ.

ಸ್ಟೋವಿನ ಪಕ್ಕ ಕಂಬಳಿ ಹೊದ್ದು ಕೂತಿದ್ದೇನೆ.
ಮೊಖೊಟ್ಲಾಂಗಿನಲ್ಲಿ ಜೂನ್ ಅಂದರೆ
ಶಾಯಿ ಕೂಡ ಯೋಚಿಸಿ ಯೋಚಿಸಿ ಇಳಿಯುವ ತಿಂಗಳು.

ಹಳೆಯ ಪುಸ್ತಕದಲ್ಲಿ ಒಂದು ತೊಟ್ಟಿ ಇತ್ತು.
ಮೇಲಿನ ನಲ್ಲಿ ತುಂಬಿಸುತ್ತಿತ್ತು, ಕೆಳಗಿನದು ಬರಿದು ಮಾಡುತ್ತಿತ್ತು.
ಇಪ್ಪತ್ತೆರಡು ವರ್ಷ ಆ ತೊಟ್ಟಿ ತುಂಬಿಸಿದ್ದೇನೆ ನಾನು.
ಒಬ್ಬರೂ ಕೇಳಲಿಲ್ಲ,
ಕೆಳಗಿನ ನಲ್ಲಿ ಮುಚ್ಚಬಾರದೇ ಮೇಡಂ, ಎಂದು.

ಸುಳ್ಳು. ಒಬ್ಬ ಕೇಳಿದ್ದ.
ಮಾಲೆಫೆಟ್ಸಾನೆ. ಹದಿನಾರು ತುಂಬುವವರೆಗೆ
ಬೆಟ್ಟದ ಮೇಲೆ ಕುರಿ ಕಾದು, ಆಮೇಲೆ ಎಂಟನೆಯ ತರಗತಿಗೆ ಬಂದವನು.
ತಲೆಹರಟೆ ಎಂದು ಹೊರಗೆ ನಿಲ್ಲಿಸಿದ್ದೆ.
ಇದನ್ನು ಯಾವ ಕಲಮಿನಲ್ಲಿ ಬರೆಯಲಿ?

ಎಷ್ಟು ಕುರಿ ಇದ್ದವೋ ನಿನ್ನ ಹತ್ತಿರ,
ಒಂದು ದಿನ ಕೇಳಿದೆ. ಗೊತ್ತಿಲ್ಲ ಮೇಡಂ, ಎಣಿಸಿಲ್ಲ.
ಮತ್ತೆ ಒಂದು ತಪ್ಪಿಸಿಕೊಂಡರೆ?
ಇಲ್ಲದ್ದು ಕಾಣುತ್ತಲ್ಲ, ಅಂದ,
ನಾನೇ ಏನೋ ದಡ್ಡ ಪ್ರಶ್ನೆ ಕೇಳಿದ ಹಾಗೆ.

ಹೋದ ತಿಂಗಳ ಒಂದು ಬುಧವಾರ ಪುಸ್ತಕ ಮುಚ್ಚಿಸಿ
ಮಕ್ಕಳನ್ನು ಅಡುಗೆಮನೆಯ ಹಿಂದಕ್ಕೆ ಕರೆದೊಯ್ದೆ.
ಒರತೆಯಿಂದ ಬರುವ ಪೈಪು ಅಲ್ಲಿ
ಪ್ರತಿ ಚಳಿಗಾಲ ಕಲ್ಲಾಗುತ್ತದೆ.
ಮಧ್ಯಾಹ್ನದ ಜೋಳದ ಮುದ್ದೆ ಬೇಯುವಾಗ ಮೂರು ಗಂಟೆ.
ಇದೇ ಇವತ್ತಿನ ಲೆಕ್ಕ, ಅಂದೆ.
ಏನೇನು ಕೊಟ್ಟಿದ್ದಾರೆ ಮೇಡಂ?
ಏನೂ ಕೊಟ್ಟಿಲ್ಲ.
ಉತ್ತರ ಹಿಂದಿನ ಪುಟದಲ್ಲಿದೆಯಾ?
ಹಿಂದೆ ಬೆಟ್ಟ ಇದೆ.

ಕೆಲವರು ಗೋಣಿ ಸುತ್ತಿದರು, ಹುಲ್ಲು ತುರುಕಿದರು.
ನಾಲ್ವರು ಹುಡುಗರು ಬೆರಣಿ ಉರಿಸಿ
ಒಂದು ಗೇಣು ಪೈಪನ್ನೇ ಕರಗಿಸಿದರು.
ಪುಸೆಲೆಟ್ಸೊ ಮೂರು ದಿನ ಏನೂ ಮಾಡಲಿಲ್ಲ.
ಬಂಡೆಯ ಮೇಲೆ ಕೂತಳು, ಉಗುರು ಕಚ್ಚಿದಳು,
ನನ್ನ ಪುಸ್ತಕದಲ್ಲಿ ಸೊನ್ನೆ ಪಡೆದಳು.
ನಾಲ್ಕನೆಯ ದಿನ ಅಡುಗೆಯ ಮಾಸೆಬಾಟಾಳನ್ನು ಕೇಳಿದಳು:
ಹೆಪ್ಪುಗಟ್ಟದ ದಿನ ಯಾವತ್ತಾದರೂ ಇತ್ತೇ ಅಜ್ಜಿ?
ಇತ್ತಲ್ಲ, ಅಂದಳು ಮುದುಕಿ ಸೊಪ್ಪು ಬಿಡಿಸುತ್ತ,
ನಲ್ಲಿ ಸರಿಯಾಗಿ ಮುಚ್ಚಲು ನಾನು ಮರೆತ ರಾತ್ರಿ.
ಬೈಸಿಕೊಂಡೆ ಅವತ್ತು.

ಪೈಪಿಗೆ ತೇಪೆ ಹಾಕಿದೆವು.
ಆ ರಾತ್ರಿ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.
ಬೆಳಿಗ್ಗೆ ನೀರು ಬಂತು.
ತೊಟ್ಟಿಕ್ಕಿದ್ದು ದಾರಿಗೆ ಹರಿದು ಕನ್ನಡಿಯಾಗಿತ್ತು.
ಹೆಡ್ಮಾಸ್ತರ್ ಮಖೇಥಾ ಫೈಲು ಸಮೇತ
ಅಂಗಾತ ಬಿದ್ದರು.
ನಕ್ಕವರನ್ನು ನಾನು ಎಣಿಸಲಿಲ್ಲ.
ನಗದವಳು ಕಂಡಳು:
ಆಗಲೇ ಬಗ್ಗಿ, ಕೆನ್ನೆ ನೆಲಕ್ಕೆ ತಾಗಿಸಿ
ಇಳಿಜಾರು ಎತ್ತ ಎಂದು ನೋಡುತ್ತಿದ್ದಳು.

ಅಂಕದ ಕಲಮಿಗೆ ಬಂದು ನಿಂತಿದ್ದೇನೆ.
ಪೈಪು ಕರಗಿಸಿದವರಿಗೆ ಎಷ್ಟು?
ಬೆಂಕಿಯ ಬಗ್ಗೆ ನನಗಿಂತ ಹೆಚ್ಚು ಗೊತ್ತು ಅವರಿಗೀಗ.
ಬಂಡೆಯ ಮೇಲೆ ಕೂತ ಮೂರು ದಿನಕ್ಕೆ?
ಮರೆತದ್ದಕ್ಕೆ ಬೈಸಿಕೊಂಡ ಮುದುಕಿಗೆ?
ಐದು ಎಂದು ಬರೆದೆ, ಹೊಡೆದು ಹಾಕಿದೆ.
ಎರಡನೆಯ ಪ್ರತಿಯಲ್ಲೂ ಹೊಡೆದು ಹಾಕಿದೆ.

ನಾಳೆ ಬೆಳಿಗ್ಗೆ ಈ ಲಕೋಟೆ ಒಯ್ಯುವ ವ್ಯಾನು
ಮಾಲೆಫೆಟ್ಸಾನೆಯದು. ಈಗ ಅವನ ಗಡ್ಡದಲ್ಲೂ ಬಿಳಿ.
ಹಿಮ ಬಿದ್ದ ಕಣಿವೆಯಲ್ಲಿ ಯಾವ ತಿರುವು ಇಲ್ಲವೆಂದು
ಅವನಿಗೆ ಮೊದಲೇ ಕಾಣುತ್ತದಂತೆ.
ಏನಿದೆ ಮೇಡಂ ಇದರಲ್ಲಿ, ಅನ್ನುತ್ತಾನೆ,
ಲಕೋಟೆಯನ್ನು ಕೈಯಲ್ಲಿ ತೂಗಿ.
ತೊಟ್ಟಿಯ ವಿಷಯ, ಅನ್ನಬೇಕು.
ಮುಚ್ಚಬಹುದಿತ್ತು ಕಣೋ ಕೆಳಗಿನ ನಲ್ಲಿ,
ಅನ್ನಬೇಕು. ಅವನು ಗೇರು ಹಾಕುವುದರೊಳಗೆ.